ಅಟ್ಟಹಾಸದ ಅರ್ಥ

ದಿನವಿಡೀ ಕಡತ ತಿರುವಿ ಡೊಂಬಿವಲಿಗೆ ಮರಳುವ ಗುಮಾಸ್ತನಿಗೆ ಮನೆಯಲ್ಲಿ ಬೇಕಾದುದು ನಿಶ್ಶಬ್ದ. ತಮ್ಮನಿಗೋ ಡೆತ್ ಮೆಟಲ್ ಸಂಗೀತ! ತಂದೆಯವರು ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಉಳಿದಿದ್ದುದು ಈ ಜಗಳವೊಂದೇ.

ಮೊನ್ನೆ, "ಅಣ್ಣಾ, ಒಮ್ಮೆ ಕೇಳಿ ನೋಡು" ಎಂದು ಕೂರಿಸಿದ. ಮುಂಬಯಿಯದೇ ತಂಡ, ಡೆಮಾನಿಕ್ ರೆಸರೆಕ್ಷನ್. 2017ರ ಆಲ್ಬಂ 'ದಶಾವತಾರ್'. ಮತ್ಸ್ಯನಿಂದ ಕಲ್ಕಿಯವರೆಗೆ ಅವತಾರಕ್ಕೊಂದರಂತೆ ಹತ್ತು ಹಾಡು. ಇಂಪಾದ ಗಾಯನದ ಬೆನ್ನಿಗೇ ಗಂಟಲಿನಾಳದ ಘರ್ಜನೆ. ಚೆಂಡೆಯನ್ನೂ ಮೀರಿಸುವ ಡ್ರಮ್ಮು. ನರಸಿಂಹನ ಸರದಿ ಬಂದಾಗ ಹೊಳೆಯಿತು: ಮನುಷ್ಯನೂ ಅಲ್ಲದ, ಮೃಗವೂ ಅಲ್ಲದವನಿಗೆ ಬೇರೆ ಯಾವ ದನಿ ಒಪ್ಪೀತು?

ಊರ ಬಯಲಾಟದಲ್ಲಿ ಬಣ್ಣದ ವೇಷದ ಅಟ್ಟಹಾಸಕ್ಕೆ ಹೆದರಿ ತಂದೆಯವರ ಶಾಲಿನೊಳಗೆ ಅಡಗಿದ್ದೆನಲ್ಲ, ಅದೇ ದನಿ. ತಮ್ಮನಿಗೆ ಹೇಳಿದೆ. ಅಂದು ರಾತ್ರಿ ಬಹಳ ಹೊತ್ತು ತಂದೆಯವರ ಮಾತಾಡಿದೆವು.