ಒಂದು ಯಂತ್ರಕ್ಕೆ ಎರಡು ಡಿಸ್ಕು

ಹಿರಿಯರ ಕಾಗದಪತ್ರಗಳನ್ನು ಕಾಪಾಡುವುದು ಗೃಹಸ್ಥನ ಕರ್ತವ್ಯವಷ್ಟೆ. ಈಗ ಅವು ಪೆಟ್ಟಿಗೆಯನ್ನು ಬಿಟ್ಟು ಕಂಪ್ಯೂಟರಿನೊಳಗಣ ಹಾರ್ಡ್ ಡಿಸ್ಕನ್ನು ಸೇರಿರುವುದರಿಂದ, ಆ ಯಂತ್ರದ ನಡೆಯನ್ನೂ ನಾವು ಕೊಂಚ ತಿಳಿದಿರಬೇಕು.

ನಮ್ಮ ಅಣ್ಣನವರು ಕಮಲಾಪುರದಲ್ಲಿ, ಆ ಊರಿಗೆ ಹೆಸರು ತಂದ ಕೆಂಪು ಬಾಳೆಯ ತೋಟವುಳ್ಳವರು. ತೋಟದ ಲೆಕ್ಕಗಳೂ, ಈಗ ನಮ್ಮೊಡನಿಲ್ಲದ ತಾಯಿಯವರ ಕಂಠದಲ್ಲಿ ಮುದ್ರಿತವಾದ ಬೀಸುವ ಪದಗಳೂ ಅವರ ಕಂಪ್ಯೂಟರಿನಲ್ಲಿರುತ್ತವೆ. ಅದನ್ನು ನಡೆಸುತ್ತಿದ್ದ ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ಬೇಡುವ ಟಿಪಿಎಂ ೨.೦ ಎಂಬ ರಕ್ಷಣಾ ಸಾಧನವು ಆ ಹಳೆಯ ಯಂತ್ರದಲ್ಲಿಲ್ಲ. ಲಿನಕ್ಸನ್ನು ಹಾಕಬಹುದೆಂದು ನಾನು ಸೂಚಿಸಲು, ಅಣ್ಣನವರು, “ಹೊಸಾದು ಏನರ ಹಾಕು, ಆದ್ರ ಅವ್ವನ ಪದ ಅಳಸಬ್ಯಾಡ” ಎಂದರು. ಆದುದರಿಂದ ಹಳೆಯ ಡಿಸ್ಕನ್ನು ಮುಟ್ಟದೆ, ಕಲಬುರಗಿಯಲ್ಲಿ ಎರಡನೆಯದೊಂದನ್ನು ಕೊಂಡೊಯ್ದೆನು.

ಯಂತ್ರವು ಎಚ್ಚರಗೊಳ್ಳುವ ಬಗೆ ವಿನೋದಕರವಾಗಿದೆ. ಗುಂಡಿಯನ್ನು ಒತ್ತಿದಾಗ ಅದರ ರ್‍ಯಾಮ್ ಬರಿದಾಗಿರುತ್ತದೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲಸಿದ ಚಿಕ್ಕದೊಂದು ಪ್ರೋಗ್ರಾಮು ಮೊದಲೆದ್ದು, ತನ್ನ ಪಟ್ಟಿಯ ಅನುಕ್ರಮದಂತೆ ಡಿಸ್ಕುಗಳನ್ನು ನೋಡಿ, ಅಲ್ಲಿಯ ಬೂಟ್‌ಲೋಡರನ್ನು ಎಬ್ಬಿಸುವುದು. ಅದು ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವುದು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ಮೇಲೇಳುವುದೆಂಬ ಆಂಗ್ಲರ ಮಾತಿನಿಂದಲೇ ಇದಕ್ಕೆ ‘ಬೂಟ್’ ಎಂಬ ಹೆಸರು ಬಂದಿತು. ಎರಡನೆಯ ಡಿಸ್ಕನ್ನು ಆ ಪಟ್ಟಿಯ ತಲೆಗೆ ತಂದರೆ ಯಂತ್ರವು ಅದರಿಂದಲೇ ಏಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯುಂಟು. ಎರಡು ಡಿಸ್ಕುಗಳೂ ಜೋಡಿಸಿರುವಾಗ ಹೊಸ ಸಿಸ್ಟಮನ್ನು ಹಾಕಿದರೆ, ಅದರ ಬೂಟ್‌ಲೋಡರು ಕೆಲವೊಮ್ಮೆ ಹಳೆಯ ಡಿಸ್ಕಿನಲ್ಲಿ ಹೋಗಿ ಕೂಡುವುದು. ಮುಂದೆ ಹಳೆಯದು ಕೆಟ್ಟರೆ ಹೊಸದೂ ಏಳಲಾರದು. ಅದಕ್ಕಾಗಿ ಅಣ್ಣನ ಮಗನು, “ಕಾಕಾ, ಮೊದಲು ಕರೆಂಟ್ ತೆಗೀರಿ” ಎಂದು, ಹಳೆಯ ಡಿಸ್ಕಿನ ತಂತಿಯನ್ನು ಬಿಚ್ಚಿಟ್ಟು, ಲಿನಕ್ಸನ್ನು ಹಾಕಿ ಮುಗಿಸಿದ ಬಳಿಕವೇ ಮರಳಿ ಜೋಡಿಸಿದನು. ಈಗ ಎರಡೂ ಸ್ವತಂತ್ರ, ಬೇಕಾದುದನ್ನು ಆರಿಸಿಕೊಳ್ಳಬಹುದು. ಲಿನಕ್ಸಿನಿಂದಲೇ ಹಳೆಯ ಡಿಸ್ಕಿನ ಪದಗಳನ್ನೂ ಕೇಳಬಹುದು.

ಆದರೂ ಎರಡು ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿರುವುದು ಭದ್ರತೆಯಲ್ಲ. ಒಂದು ಸಿಡಿಲು ಎರಡನ್ನೂ ಸುಡಬಲ್ಲದು. ಆದಕಾರಣ ಪದಗಳ ಬೇರೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಕಲಬುರಗಿಯ ಮನೆಗೆ ತಂದಿಟ್ಟಿರುತ್ತೇನೆ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಸಿಸ್ಟಮನ್ನು ಮತ್ತೆ ಹಾಕಬಹುದು. ತಾಯಿಯ ಕಂಠವನ್ನು ಮತ್ತೆ ಪಡೆಯಲಾಗದೆಂಬುದನ್ನು ವಾಚಕ ಮಹಾಶಯರು ಮರೆಯದಿರಲಿ.