ನಲವತ್ತು ದಿನಗಳ ಲೆಕ್ಕ



ಪವಿತ್ರ ಗುರುವಾರದ ಸಂಜೆ ಪಾದ ತೊಳೆಸಿಕೊಳ್ಳಲು ಆಯ್ಕೆಯಾದ ಹನ್ನೆರಡು ಮಂದಿಯಲ್ಲಿ ಒಬ್ಬರಾಗಿ ನೀವು ಎಂದಾದರೂ ಪೀಠದ ಮುಂದೆ ಕುಳಿತಿದ್ದೀರಾ? ಹಿಂದಿನ ರಾತ್ರಿಯೇ ಉಗುರು ಕತ್ತರಿಸಿ, ಹಿಮ್ಮಡಿ ಉಜ್ಜಿ, ಮನೆಯಲ್ಲೇ ಒಮ್ಮೆ ಚೆನ್ನಾಗಿ ತೊಳೆದುಕೊಂಡು ಹೋಗುತ್ತೇವೆ. ಗುರುಗಳು ತೊಳೆಯಲು ಕೊಳೆಯೇ ಉಳಿದಿರುವುದಿಲ್ಲ. 2023ರ ಏಪ್ರಿಲ್ 6ರಂದು ನಾನೂ ಹಾಗೆಯೇ ಹೋಗಿದ್ದೆ. ಆದರೆ ಅಂದು ನಾನು ಮುಚ್ಚಿಡಲು ಬಯಸಿದ್ದು ಕೊಳೆಯನ್ನಲ್ಲ, ಬಲಗಾಲಿನ ಬಾವನ್ನು.

ಅದಕ್ಕೆ ಕೆಲವು ತಿಂಗಳ ಹಿಂದೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಿತ್ತು. ನನಗಾಗ 55 ವರ್ಷ. ನನ್ನ ತಂದೆ 57ನೆಯ ವಯಸ್ಸಿನಲ್ಲಿ, ಒಂದು ಮುಂಜಾನೆ, ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಆ ಎರಡು ವರ್ಷಗಳ ಅಂತರವನ್ನು ನಾನು ಯಾರೊಡನೆಯೂ ಹೇಳಿಕೊಳ್ಳದೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ವೈದ್ಯರು ನಡಿಗೆ ಸಾಕೆಂದರು. ನನಗೆ ಸಾಕೆನಿಸಲಿಲ್ಲ. ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವನೇ, ಈ ತಪಸ್ಸುಕಾಲದಲ್ಲಿ ಒಂದು ದಿನವೂ ತಪ್ಪದೆ ಐದು ಕಿಲೋಮೀಟರ್ ಓಡುತ್ತೇನೆ ಎಂದು ಹರಕೆ ಹೊತ್ತೆ. ಮಾಂಸ ಬಿಡುವವರು ಬಿಡಲಿ, ಸಿಹಿ ಬಿಡುವವರು ಬಿಡಲಿ, ನನ್ನದು ಇದು ಎಂಬ ಸಣ್ಣದೊಂದು ಹೆಮ್ಮೆಯೂ ಅದರಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿಯನ್ನು ಪರಿಚಯಿಸಬೇಕಾಗಿಲ್ಲ. ಬೆಳಗಿನ ಮಂಜು, ನೀರಿನ ಮೇಲಿನ ಹಕ್ಕಿಗಳು, ಕೈಬೀಸಿ ನಡೆಯುವ ಪರಿಚಿತ ಮುಖಗಳು. ಮೊದಲ ಎರಡು ವಾರ ನಾನು ಹಾರುತ್ತಿದ್ದೇನೆಂದೇ ಭಾವಿಸಿದ್ದೆ. ಉಸಿರು ಸಲೀಸಾಯಿತು, ಬೆಳಗಿನ ಸಕ್ಕರೆಯ ಅಂಕಿ ಇಳಿಯಿತು. ಮೂರನೆಯ ವಾರದಲ್ಲಿ ಬಲಗಾಲಿನ ಮುಂಗಾಲೆಲುಬಿನ ಒಳಬದಿಯಲ್ಲಿ ನೋವು ಕಾಣಿಸಿಕೊಂಡಿತು. ಆರಂಭದಲ್ಲಿ ಓಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮಾಯವಾಗುತ್ತಿತ್ತು. ಆಮೇಲೆ ಓಟದುದ್ದಕ್ಕೂ ಉಳಿಯಿತು. ಕೊನೆಗೆ ರಾತ್ರಿ ಮಲಗಿದಾಗಲೂ ಬಿಡಲಿಲ್ಲ. ಈ ಕ್ರಮವನ್ನು ದಯವಿಟ್ಟು ನೆನಪಿಡಿ. ಓಡುವಾಗ ಬಂದು ಹೋಗುವ ನೋವು ಎಚ್ಚರಿಕೆಯಾದರೆ, ವಿಶ್ರಾಂತಿಯಲ್ಲೂ ಉಳಿಯುವ ನೋವು ಆಜ್ಞೆ. ನಾನಾದರೋ ಅದನ್ನು ಶಿಲುಬೆಯೆಂದು ಕರೆದುಕೊಂಡೆ.

“ರೀ, ದೇವರು ನಿಮ್ಮ ಹತ್ತಿರ ಕಾಲು ಕೇಳಿದ್ದಾನೆಯೇ?” ಎಂದು ನನ್ನ ಮಡದಿ ಕೇಳಿದಳು. ನಾನು ಸಂತ ಪೌಲರನ್ನು ಮುಂದೆ ತಂದೆ. ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅವರು ಓಟದ ಪಂದ್ಯದ ಮಾತನ್ನಾಡುತ್ತಾರೆ, ದೇಹವನ್ನು ದಂಡಿಸಿ ಹತೋಟಿಗೆ ತಂದುಕೊಳ್ಳುವ ಮಾತನ್ನಾಡುತ್ತಾರೆ. ಕೊರಿಂಥದ ಜನಕ್ಕೆ ಅದು ಬಲು ಹತ್ತಿರದ ಉಪಮೆ. ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯಾದ ಕ್ರೀಡೆಗಳು ನಡೆಯುತ್ತಿದ್ದುದು ಆ ನಗರದ ಪಕ್ಕದಲ್ಲಿಯೇ. ಆದರೆ ಅದೇ ವಾಕ್ಯಗಳ ನಡುವೆ, ಪಂದ್ಯಕ್ಕಿಳಿಯುವವನು ಎಲ್ಲದರಲ್ಲಿಯೂ ಮಿತವಾಗಿರುತ್ತಾನೆ ಎಂಬ ಮಾತೂ ಇದೆ. ‘ಎಲ್ಲದರಲ್ಲಿಯೂ’ ಎಂಬುದರಲ್ಲಿ ಓಟವೂ ಸೇರುತ್ತದೆಂದು ನನಗೆ ಹೊಳೆಯಲಿಲ್ಲ.

ಆ ಗುರುವಾರ ನಮ್ಮ ಧರ್ಮಕೇಂದ್ರದ ಗುರುಗಳು ಮಂಡಿಯೂರಿ ನನ್ನ ಪಾದದ ಮೇಲೆ ನೀರು ಹೊಯ್ದರು, ಬಟ್ಟೆಯಿಂದ ಒರೆಸಲು ಕಾಲನ್ನು ಮೇಲೆತ್ತಿದರು. ಅವರ ಹೆಬ್ಬೆರಳು ಬಾವಿನ ಮೇಲೆ ಬಿದ್ದಾಗ ನಾನು ತಡೆಯಲಾರದೆ ಹಿಂದಕ್ಕೆಳೆದುಕೊಂಡೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಏನೂ ಹೇಳದೆ, ಮುಂದಿನವರ ಕಡೆಗೆ ಸರಿದರು. ಬಲಿಪೂಜೆ ಮುಗಿದ ಮೇಲೆ ಕರೆಸಿ ವಿಚಾರಿಸಿದರು. ಎಲ್ಲವನ್ನೂ ಕೇಳಿ, “ಮೇಷ್ಟ್ರೇ, ನೀವು ಗಣಿತ ಕಲಿಸಿದವರು. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಷ್ಟು ದಿನವಾಗುತ್ತದೆ, ಎಣಿಸಿ ನೋಡಿ” ಎಂದರು. ಎಣಿಸಿದೆ. ನಲವತ್ತಾರು. “ನಾವು ನಲವತ್ತು ಎನ್ನುತ್ತೇವಲ್ಲ, ಉಳಿದ ಆರು ಏನಾದವು?”

ಅವು ಭಾನುವಾರಗಳು. ಉಪವಾಸದ ಲೆಕ್ಕಕ್ಕೆ ಸೇರದ, ಪುನರುತ್ಥಾನದ ದಿನಗಳು. ಇದನ್ನು ಧರ್ಮೋಪದೇಶದ ತರಗತಿಯಲ್ಲಿ ನಾನೇ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಆ ಆರೂ ಭಾನುವಾರ ನಾನು ಓಡಿ ಬಂದು, ಮೊದಲ ಪೂಜೆಯ ಪ್ರಬೋಧನೆಯಲ್ಲಿ ತೂಕಡಿಸಿದ್ದೆ.

ಎಕ್ಸ್‌-ರೇಯಲ್ಲಿ ಏನೂ ಕಾಣಲಿಲ್ಲ. ಇಂತಹ ಬಿರುಕುಗಳು ಮೊದಮೊದಲು ಅದರಲ್ಲಿ ಕಾಣದಿರುವುದು ಸಾಮಾನ್ಯವಂತೆ. ಎಂ.ಆರ್.ಐ. ಸ್ಕ್ಯಾನಿನಲ್ಲಿ ಎಲುಬಿನ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಎಂಟು ವಾರ ಓಡುವಂತಿಲ್ಲ ಎಂದರು. ಮೂಳೆ ವೈದ್ಯರು ತಾಳ್ಮೆಯಿಂದ ವಿವರಿಸಿದ್ದನ್ನು ನಿಮಗೂ ತಿಳಿಸುತ್ತೇನೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನನ್ನ ನಿಧಾನದ ಓಟದಲ್ಲಿ ಐದು ಕಿಲೋಮೀಟರಿಗೆ ಆರು ಸಾವಿರಕ್ಕೂ ಹೆಚ್ಚು ಹೆಜ್ಜೆ. ಈ ಪೆಟ್ಟಿನಿಂದ ಎಲುಬು ಕೆಡುವುದಿಲ್ಲ, ಗಟ್ಟಿಯೇ ಆಗುತ್ತದೆ. ಆದರೆ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ನಂತರದ ಬಿಡುವಿನಲ್ಲಿ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸಕ್ಕೆ ಅದಕ್ಕೆ ಸಮಯ ಬೇಕು. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಎಲುಬಿಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಹಿಡಿಯುತ್ತವೆ. ಉಸಿರು ‘ಇನ್ನೂ ಓಡು’ ಎನ್ನುವಾಗ ಕಾಲು ಹಿಂದುಳಿದಿರುತ್ತದೆ. ಹೊಸದಾಗಿ ಓಡುವವರು, ಅದರಲ್ಲೂ ನಮ್ಮ ವಯಸ್ಸಿನವರು, ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಓಡಿದರೆ ಸಾಕೆಂಬುದು ಅವರ ಮಾತಾಗಿತ್ತು.

“ಹಾಗಾದರೆ ನನ್ನ ಸಕ್ಕರೆ?” ಎಂದೆ. ಈ ಪ್ರಶ್ನೆಯ ಹಿಂದೆ ತಂದೆಯ ನೆನಪಿತ್ತು. ಅದಕ್ಕೂ ಉತ್ತರ ದೊರೆಯಿತು. ಒಮ್ಮೆ ಚೆನ್ನಾಗಿ ಬೆವರಿದರೆ ಇನ್ಸುಲಿನ್ ಹೆಚ್ಚು ಪರಿಣಾಮಕಾರಿಯಾಗಿ ಕೆಲಸ ಮಾಡುವ ಸ್ಥಿತಿ ಒಂದರಿಂದ ಎರಡು ದಿನ ಇರುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬಾರದು. ಆದರೆ ಆ ವ್ಯಾಯಾಮ ಓಟವೇ ಆಗಬೇಕೆಂದು ಹೃದಯವೂ ಕೇಳುವುದಿಲ್ಲ, ಸಕ್ಕರೆಯೂ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ ಎನ್ನುತ್ತದೆಯೇ ಹೊರತು, ಅದು ಹೇಗೆ ಎಂಬುದನ್ನು ನಮಗೇ ಬಿಟ್ಟಿದೆ. ಮಧ್ಯಮ ಯಾವುದು, ತೀವ್ರ ಯಾವುದು? ಮಾತನಾಡಬಹುದು, ಆದರೆ ಹಾಡಲಾಗದು ಎಂದರೆ ಮಧ್ಯಮ. ನನ್ನ ಅಳತೆಗೋಲು ಇಷ್ಟೇ: ನಡೆಯುತ್ತಾ ಜಪಮಾಲೆ ಹೇಳಲು ಸಾಧ್ಯವಾಗಬೇಕು, ಸ್ತುತಿಗೀತೆ ಹಾಡಲು ಉಸಿರು ಸಾಲಬಾರದು.

ಎಲುಬು ಕೂಡಿಕೊಳ್ಳುವವರೆಗೆ ಸರಸ್ವತಿಪುರಂನ ಈಜುಕೊಳವೇ ಗತಿಯಾಯಿತು. ನನಗೆ ಈಜು ಅಷ್ಟಕ್ಕಷ್ಟೆ. ಎದೆಯ ಮಟ್ಟದ ನೀರಿನಲ್ಲಿ ನಡೆದೆ. ಅಲ್ಲಿ ಕಾಲಿನ ಮೇಲೆ ಬೀಳುವುದು ದೇಹದ ತೂಕದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ನೀರಿನ ತಡೆಯಿಂದ ಶ್ರಮವೇನೂ ಕಡಿಮೆಯಲ್ಲ. ಚಿಕ್ಕ ಮಕ್ಕಳು ಪಕ್ಕದಲ್ಲಿ ಮೀನಿನಂತೆ ಸಾಗುತ್ತಿರುವಾಗ ಅಜ್ಜನೊಬ್ಬ ಎಮ್ಮೆಯಂತೆ ನೀರಿನಲ್ಲಿ ಅತ್ತಿತ್ತ ನಡೆಯುವುದು ನೋಡಲು ಗಂಭೀರವಾಗಿಯಂತೂ ಇರಲಿಲ್ಲ. ತಪಸ್ಸು ಅಂದರೆ ಅದೇ ಇತ್ತೇನೋ.

ಅನಂತರ ಮಗನ ಹಳೆಯ ಸೈಕಲ್ಲನ್ನು ಹೊರತೆಗೆದೆ. ಸೈಕಲ್ಲಿನಲ್ಲಿ ಪೆಟ್ಟಿಲ್ಲ, ಮೊಣಕಾಲಿಗೆ ಹಿತ. ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಷ್ಟು ಎತ್ತರಕ್ಕೆ ಸೀಟನ್ನು ಏರಿಸಿಕೊಳ್ಳಬೇಕು. ಆದರೆ ಎಲುಬನ್ನು ಗಟ್ಟಿ ಮಾಡುವ ಗುಣ ಸೈಕಲ್ಲಿಗೂ ಈಜಿಗೂ ಹೆಚ್ಚಿಲ್ಲ, ಆದ್ದರಿಂದ ನಡಿಗೆಯನ್ನು ಪೂರ್ತಿ ಬಿಡುವಂತಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಹೃದಯಕ್ಕೆ ಉತ್ತಮ ವ್ಯಾಯಾಮ. ಇಳಿಯುವುದೇ ಮೊಣಕಾಲಿಗೆ ಕಷ್ಟ, ಇಳಿಯಲು ಬಸ್ಸಿದೆ. ಹಗ್ಗದಾಟವನ್ನು ಓಟಕ್ಕೆ ಬದಲಿಯೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅದೂ ನೆಗೆತವೇ. ಸಕ್ಕರೆ ಕಾಯಿಲೆಯವರು ಯಾವುದನ್ನು ಆರಿಸಿಕೊಂಡರೂ ರಾತ್ರಿ ಮಲಗುವ ಮುನ್ನ ಪಾದಗಳನ್ನು ಬೆಳಕಿನಲ್ಲಿ ಪರೀಕ್ಷಿಸಿಕೊಳ್ಳಿ. ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿಲ್ಲದೆ ಹೊರಡಬೇಡಿ.

ಆ ಬಿಡುವಿನ ದಿನಗಳಲ್ಲಿ ಎರಿಕ್ ಲಿಡೆಲ್ ಬಹಳ ನೆನಪಾಗುತ್ತಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರವೆಂದು ಹಿಂದೆ ಸರಿದು, 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಗೆದ್ದವರು; ಮುಂದೆ ಚೀನಾದಲ್ಲಿ ಧರ್ಮಪ್ರಚಾರಕರಾಗಿ, ಯುದ್ಧಕಾಲದ ಬಂದಿ ಶಿಬಿರದಲ್ಲಿ 1945ರಲ್ಲಿ ತೀರಿಕೊಂಡವರು. ಅವರು ಕಾಲಿನ ಹಿತಕ್ಕಾಗಿ ಹಾಗೆ ಮಾಡಲಿಲ್ಲವೆಂಬುದು ನನಗೆ ಗೊತ್ತು. ಆದರೂ ಅಷ್ಟು ವೇಗದ ಕಾಲಿಗೆ ‘ಇಂದು ಬೇಡ’ ಎನ್ನಲು ಸಾಧ್ಯವಾಯಿತಲ್ಲ! ಅರಸುಗಳ ಗ್ರಂಥದ ಪ್ರವಾದಿ ಎಲೀಯನನ್ನೂ ಮತ್ತೆ ಓದಿದೆ. ಅರಸನ ರಥದ ಮುಂದೆ ಇಜ್ರೇಲಿನವರೆಗೆ ಓಡಿದವನು ಮರುಅಧ್ಯಾಯದಲ್ಲಿ ಸಾವು ಬಯಸಿ ಗಿಡದಡಿ ಮಲಗುತ್ತಾನೆ. ದೇವದೂತ ಅವನನ್ನು ಬೈಯುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ, ಮತ್ತೆ ಮಲಗಗೊಡುತ್ತಾನೆ. ಅಲ್ಲಿಂದ ಹೋರೇಬಿನವರೆಗೆ ಅವನು ಹೋದ ದಾರಿಯೂ ನಲವತ್ತು ದಿನಗಳದ್ದೇ.

ನಾನೀಗ ತಂದೆಯ ವಯಸ್ಸನ್ನು ದಾಟಿದ್ದೇನೆ. ಮಂಗಳವಾರ, ಗುರುವಾರ, ಶನಿವಾರ ಕೆರೆಯ ಏರಿಯ ಮೇಲೆ ಓಡುತ್ತೇನೆ. ನಡುವೆ ಎರಡು ದಿನ ಸೈಕಲ್ಲು, ಒಂದು ದಿನ ನೀರು. ಭಾನುವಾರ ಮೊದಲ ಪೂಜೆಗೆ ಮಡದಿಯೊಡನೆ ನಡೆದು ಹೋಗುತ್ತೇನೆ. ಅವಳ ನಡಿಗೆ ಬಲು ನಿಧಾನ, ದಾರಿಯಲ್ಲಿ ಹೂ ಮಾರುವವಳ ಬಳಿ ನಿಂತು ಎರಡು ಮಾತನಾಡದೆ ಮುಂದೆ ಹೋಗುವವಳಲ್ಲ. ನಾನೂ ನಿಲ್ಲುತ್ತೇನೆ.