ತಡವಾಗಿ ಕೊಟ್ಟ ಉತ್ತರ

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ಒಂಬತ್ತನೆಯ ತರಗತಿಯಲ್ಲಿ ನನ್ನನ್ನು ಗದರಿಸಿದ್ದು ನೆನಪಿದೆಯೇ?" ಎಂದಳು. ನೆನಪಿತ್ತು. ಸಂಸತ್ತು ವಿಶೇಷ ಬಹುಮತದಿಂದ ಸಂವಿಧಾನವನ್ನು ತಿದ್ದಬಹುದೆಂದು ಪೌರನೀತಿಯ ಪಾಠ ಮಾಡುತ್ತಿದ್ದೆ. "ಹಾಗಾದರೆ ಚುನಾವಣೆಯೇ ಬೇಡವೆಂದು ತಿದ್ದಬಹುದೇ ಸರ್?" ಎಂದು ಎದ್ದುನಿಂತಿದ್ದಳು. "ಅಧಿಕಪ್ರಸಂಗ ಬೇಡ, ಕೂತ್ಕೋ" ಎಂದಿದ್ದೆ. ನಿಜ ಹೇಳುವುದಾದರೆ, ನನಗೆ ಉತ್ತರ ತಿಳಿದಿರಲಿಲ್ಲ. ಪ್ರಶ್ನಿಸುವ ಕೌಶಲದ ಬಗ್ಗೆ ಬಿ.ಎಡ್. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದವನು ನಾನು!

ಅಂಥದೇ ಪ್ರಶ್ನೆಗಳನ್ನು 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜರ್ಮನಿಯ ವಿದ್ವಾಂಸ ಡೀಟರ್ ಕಾನ್ರಾಡ್ ಕೇಳಿದ್ದರೆಂದು ಓದಿ ತಿಳಿದದ್ದು ನಿವೃತ್ತಿಯ ಸಮೀಪದಲ್ಲಿ. ಇವರು ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆಯಲ್ಲಿ ನಮ್ಮ ಸಂವಿಧಾನವನ್ನು ಅಭ್ಯಸಿಸಿದವರು. ತಿದ್ದುಪಡಿಯ ಅಧಿಕಾರವನ್ನೇ ಬಳಸಿ ಸಂವಿಧಾನವನ್ನು ರದ್ದುಪಡಿಸಿ ಮೊಗಲ್ ಬಾದಶಹನ ಆಳ್ವಿಕೆಯನ್ನು ಮರಳಿ ತರಬಹುದೇ ಎಂಬುದು ಅವರ ಪ್ರಶ್ನೆಗಳಲ್ಲೊಂದು. ನಗೆ ಬರುವಂಥ ಪ್ರಶ್ನೆ. ಆದರೆ ಅವರ ನಾಡಿನಲ್ಲಿ 1933ರಲ್ಲಿ ಮೂರನೆಯ ಎರಡು ಬಹುಮತವನ್ನು ತೋರಿಸಿಯೇ ಹಿಟ್ಲರನಿಗೆ ಸರ್ವಾಧಿಕಾರವನ್ನು ಒಪ್ಪಿಸಲಾಗಿತ್ತು. ಆದ್ದರಿಂದಲೇ 1949ರ ಜರ್ಮನ್ ಸಂವಿಧಾನ ಕೆಲವು ತತ್ತ್ವಗಳನ್ನು ಯಾವ ಬಹುಮತವೂ ಮುಟ್ಟದಂತೆ ಬಿಗಿಮಾಡಿತು.

ಆ ಉಪನ್ಯಾಸದ ವಾದವನ್ನು ವಕೀಲ ಎಂ. ಕೆ. ನಂಬಿಯಾರ್ 1967ರ ಗೋಲಕನಾಥ ಮೊಕದ್ದಮೆಯಲ್ಲಿ ಮುಂದಿಟ್ಟರು. ಅಂದು ನ್ಯಾಯಾಲಯ ಅದನ್ನು ತೀರ್ಮಾನಿಸದೆ ಬಿಟ್ಟಿತು. 1973ರ ಏಪ್ರಿಲ್ 24ರಂದು, 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದು ತೀರ್ಪಿತ್ತಿತು. ನಿರ್ಣಾಯಕವಾದ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ತೀರ್ಪಿನಲ್ಲಿ ಕಾನ್ರಾಡರ ಉಲ್ಲೇಖವಿದೆ. ಆ ಮೊಕದ್ದಮೆಯ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಯಕ್ಷಗಾನ ಸಂಗೀತಗಳನ್ನು ಪೋಷಿಸಿದ ಕನ್ನಡದ ಯತಿಗಳು. ಮಠದ ಭೂಮಿಯನ್ನು ಉಳಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋದರು. ಭೂಮಿ ಉಳಿಯಲಿಲ್ಲ, ದೇಶದ ಸಂವಿಧಾನ ಉಳಿಯಿತು. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಹುಡುಗಿಯ ಪ್ರಶ್ನೆಗೂ ಉತ್ತರ 1975ರ ನವೆಂಬರಿನಲ್ಲೇ ಸಿಕ್ಕಿತ್ತು. ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯ ವಿಚಾರಿಸದಂತೆ ಮಾಡಿದ್ದ ತಿದ್ದುಪಡಿಯನ್ನು, ತುರ್ತುಪರಿಸ್ಥಿತಿಯ ನಡುವೆಯೇ, ಸರ್ವೋಚ್ಚ ನ್ಯಾಯಾಲಯ ಇದೇ ತತ್ತ್ವದ ಮೇಲೆ ಅಸಿಂಧುವೆಂದಿತ್ತು. ಆಗ ನಾನೇ ಹೈಸ್ಕೂಲಿನ ಹುಡುಗ. ಮುಂದೆ ಅದನ್ನು ಹುಡುಕಿ ಓದಬಹುದಿತ್ತು. ಪಠ್ಯಪುಸ್ತಕ ದಾಟಿ ಓದಲಿಲ್ಲ, ಅಷ್ಟೆ.

ಇದನ್ನೆಲ್ಲ ಅವಳಿಗೆ ಹೇಳಿ, "ತಪ್ಪಾಯಿತಮ್ಮ, ನೀನು ಕೇಳಿದ್ದು ಅಧಿಕಪ್ರಸಂಗವಲ್ಲ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕಳು: "ಹಾಗಾದರೆ ಈಗ ಕೂತ್ಕೊಳ್ಳಲೇ ಸರ್?"